ಆಮೇಲೆ ನೆನಪಿಸು

ಜನವರಿ 9

ಹದ್ದಕ್ಕನಿಗೆ,

ಏಳನೇ ಅಧ್ಯಾಯದ ಪ್ರೂಫು ಇದರ ಜೊತೆಗಿದೆ, ಮೂವತ್ತೊಂದು ಪುಟ. ಕೆಂಪು ಪೆನ್ನು ತುಂಬಿಸಿಟ್ಟುಕೊಳ್ಳಿ. ಈ ಸಲ ತಪ್ಪೇ ಇಲ್ಲ ಎಂದು ಜಂಬ ಕೊಚ್ಚುವುದಿಲ್ಲ. ಹೋದ ಸಲ ಹಾಗೆ ಬರೆದು ಕಳಿಸಿ, ಆಮೇಲೆ ನಲವತ್ತಾರು ಕೆಂಪು ಗೀಟು ಎಣಿಸಿದ್ದು ಇನ್ನೂ ಮರೆತಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ನನ್ನ ಕಂಪ್ಯೂಟರ್ ನನ್ನ ಬೆನ್ನು ಬಿದ್ದಿದೆ. ಒಂದು ತಿಂಗಳಿಂದ ದಿನಾ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಪರದೆಯ ನಟ್ಟನಡುವೆ ಒಂದು ಚೌಕ ಎದ್ದು ನಿಲ್ಲುತ್ತದೆ. ಹೊಸ ಆವೃತ್ತಿ ಬಂದಿದೆಯಂತೆ, ಹಳೆಯದಕ್ಕೆ ಇನ್ನು ಮುಂದೆ ರಕ್ಷಣೆ ಇಲ್ಲವಂತೆ, ಅಪ್‌ಗ್ರೇಡ್ ಮಾಡಿಕೊಳ್ಳಬೇಕಂತೆ. ಕೆಳಗೆ ಎರಡೇ ಗುಂಡಿ: ‘ಈಗಲೇ ಮಾಡು’, ‘ಆಮೇಲೆ ನೆನಪಿಸು’. ‘ಬೇಡ’ ಎನ್ನುವ ಗುಂಡಿಯೇ ಇಲ್ಲ! ಬೇಡ ಎನ್ನಲು ಬಿಡದವರನ್ನು ನಾನು ಜನ್ಮದಲ್ಲಿ ನಂಬಿದವಳಲ್ಲ. ಸಾಲದ್ದಕ್ಕೆ ಬಿಟ್ಟಿ ಕೊಡುತ್ತೇವೆ ಎಂದು ಬೇರೆ ಬರೆದಿದ್ದಾರೆ. ಬಿಟ್ಟಿ ಕೊಡುವವನಿಗೆ ನನ್ನಿಂದ ಏನಾಗಬೇಕಿದೆ, ನೀವೇ ಹೇಳಿ.

ರಿಪೇರಿಯವನನ್ನು ಕರೆಸಿದೆ. ಬಂದ, ಕೂತ, ನನ್ನ ಟೈಪಿಂಗ್ ಪ್ರೋಗ್ರಾಂ ನೋಡಿ ನಕ್ಕುಬಿಟ್ಟ.

“ಅಮ್ಮಾ, ಇದು ಓಬೀರಾಯನ ಕಾಲದ್ದು. ಹೊಸದರಲ್ಲಿ ಇದು ಓಡತ್ತೆ ಅಂತ ನಾನು ಮಾತು ಕೊಡಲ್ಲ.”

“ಓಡದೇ ಹೋದ್ರೆ?”

“ನೀವು ಟೈಪ್ ಮಾಡಿರೋದೆಲ್ಲ ಯಾವುದೋ ಗೊತ್ತಿಲ್ಲದ ಭಾಷೆ ಥರ ಕಾಣತ್ತೆ. ಈ ಹಳೇ ಫಾಂಟು ನೋಡೋಕೆ ಮಾತ್ರ ಕನ್ನಡ. ಒಳಗೆ ಬೇರೇನೇ.”

ಕೇಳಿದಿರಾ? ಆ ಒಳಗಿನ ‘ಬೇರೇನೇ’ಯಲ್ಲಿ ನೀವು ನಮ್ಮ ಪ್ರೆಸ್ಸಿನ ಬಗ್ಗೆ ಬರೆಯುತ್ತಿರುವ ಪುಸ್ತಕದ ಇನ್ನೂರ ಹನ್ನೆರಡು ಪುಟ ಇದೆ. ಅಲ್ಲಿ ನೀವು ಪ್ರೂಫು ತಿದ್ದಿದ, ನಾನು ಅಕ್ಷರ ಜೋಡಿಸಿದ ಇಪ್ಪತ್ತೆಂಟು ವರ್ಷ ಇದೆ. ಪ್ರೆಸ್ಸು ಮುಚ್ಚಿದ ಮೇಲೆ ನನಗೆ ಉಳಿದಿರುವ ನೆಟ್ಟಗಿನ ಕೆಲಸ ಅದೊಂದೇ. ಅದನ್ನು ನಾನು ಯಾರೋ ಮುಖ ಕಾಣದವರ ಕೈಗೆ ಕೊಡುವುದಿಲ್ಲ. ದಿನಾ ‘ಆಮೇಲೆ ನೆನಪಿಸು’ ಒತ್ತಿ ಕೆಲಸಕ್ಕೆ ಕೂರುತ್ತೇನೆ.

ಒಂದು ಮಾತು. ಹೋದ ಪತ್ರದ ಕೊನೆಯಲ್ಲಿ “ಹೊಸದು ಹಾಕಿಸಿದೆಯಾ?” ಎಂದು ಕೇಳಿದ್ದೀರಿ. ಇಷ್ಟು ವರ್ಷದಲ್ಲಿ ನನ್ನ ಯಂತ್ರ ನಿಂತಿದೆಯೋ ಓಡುತ್ತಿದೆಯೋ ಎಂದು ಕೇಳಿದವರಲ್ಲ ನೀವು. ಈಗ್ಯಾಕೆ?

ನಿಮ್ಮ
ಗಿರಣಿ


ಜನವರಿ 24

ಗಿರಣಿಗೆ,

ಕೈ ಹಿಡಿದುಕೊಂಡಿದೆ. ನಾನು ಹೇಳುತ್ತಿದ್ದೇನೆ, ಸೊಸೆ ಬರೆಯುತ್ತಿದ್ದಾಳೆ. ಅಕ್ಷರ ಬೇರೆಯಾಗಿದೆ ಎಂದು ನಾಲ್ಕು ಪುಟ ಪ್ರಶ್ನೆ ಬರೆಯಬೇಡ.

ಏಳನೇ ಅಧ್ಯಾಯ ತಿದ್ದಿ ಕಳಿಸಿದ್ದೇನೆ. ಇಪ್ಪತ್ತೊಂಬತ್ತು ತಪ್ಪು. ನಿನ್ನ ಲೆಕ್ಕಕ್ಕೆ ಅದು ಕಡಿಮೆಯೇ.

ಅಪ್‌ಗ್ರೇಡ್ ಮಾಡಿಸಿಬಿಡು. ಎಲ್ಲರೂ ಮಾಡಿಸುತ್ತಿದ್ದಾರೆ, ಯಾರ ಮನೆಯೂ ಮುಳುಗಿಲ್ಲ. ನೀನು ಯಾವುದನ್ನು ಅನುಮಾನಿಸಿಲ್ಲ ಹೇಳು? ಪ್ರೆಸ್ಸಿಗೆ ಮೊದಲ ಸಲ ಕಂಪ್ಯೂಟರ್ ತಂದಾಗ ಒಂದು ವಾರ ಅದಕ್ಕೆ ಬೆನ್ನು ಹಾಕಿ ಕೂತಿದ್ದೆ. ಆಮೇಲೆ ಅದನ್ನು ಬಡಿದ ಬಡಿತಕ್ಕೆ ಪಕ್ಕದ ಕೋಣೆಯಲ್ಲಿ ನನಗೆ ತಲೆನೋವು ಬಂದು ನಾನೇ ನಿನಗೆ ಗಿರಣಿ ಎಂದು ಹೆಸರಿಟ್ಟೆ.

ಇನ್ನು ಮೇಲೆ ಕಾಗದದ ಪ್ರೂಫು ಬೇಡ. ಅಪ್‌ಗ್ರೇಡ್ ಆದ ಮೇಲೆ ಮೊದಲಿನಿಂದ ಎಲ್ಲ ಅಧ್ಯಾಯಗಳನ್ನೂ ಹೊಸ ಅಕ್ಷರಕ್ಕೆ ಬದಲಿಸಿ ಈಮೇಲ್ ಮಾಡು. ಸೊಸೆಯ ಕಂಪ್ಯೂಟರಿಗೆ ಬರುತ್ತದೆ. ಬೇಗ ಆಗಲಿ. ನನಗೆ ಕಾಯುವ ಪುರುಸೊತ್ತಿಲ್ಲ.

ಇತಿ,
ಹದ್ದಕ್ಕ


ಫೆಬ್ರವರಿ 6

ಹದ್ದಕ್ಕನಿಗೆ,

ನಾಲ್ಕು ಪುಟ ಬರೆಯುವುದಿಲ್ಲ. ಮೂರೇ ಪ್ರಶ್ನೆ.

ಒಂದು. ಹನ್ನೊಂದು ವರ್ಷದಿಂದ ನಾನು ಟೈಪ್ ಮಾಡಿ ಅಂಚೆಗೆ ಹಾಕುತ್ತೇನೆ, ನೀವು ತಿದ್ದಿ ಅಂಚೆಗೆ ಹಾಕುತ್ತೀರಿ. “ಪರದೆ ಮೇಲೆ ಪ್ರೂಫು ನೋಡೋರು ಕನ್ನಡಿಯಲ್ಲಿ ಊಟ ಮಾಡೋರು” ಎಂದು ಗೇಲಿ ಮಾಡಿದವರು ನೀವು. ಈಗ ಇದ್ದಕ್ಕಿದ್ದಂತೆ ಕಾಗದ ಬೇಡವೇ?

ಎರಡು. ಇನ್ನೂ ಮೂರು ಅಧ್ಯಾಯ ಬಾಕಿ ಇರುವಾಗ ಮುಗಿದ ಅಧ್ಯಾಯಗಳೆಲ್ಲ ಮೊದಲಿನಿಂದ ಯಾಕೆ ಬೇಕು? ಅವನ್ನು ನೀವು ತಿದ್ದಿ ಆಗಿದೆ. ಒಂದು ಸಲ ಈಮೇಲಿನಲ್ಲಿ ಹೋದದ್ದು ಯಾರ ಯಾರ ಮನೆ ತಿರುಗುತ್ತದೋ ದೇವರಿಗೇ ಗೊತ್ತು. ನಿಮ್ಮ ಸೊಸೆಯ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆಕೆ ಆ ಮನೆಗೆ ಬಂದು ಎರಡು ವರ್ಷ, ಹಲ್ಲಿನ ಡಾಕ್ಟರ ಹತ್ತಿರ ಚೀಟಿ ಬರೆಯುವ ಕೆಲಸ, ಒಳ್ಳೆಯವಳೇ ಇರಬಹುದು. ಆದರೆ ನಿಮ್ಮ ಕೈಯಿಂದ ಪೆನ್ನು ಅವಳ ಕೈಗೆ ಹೋಗಿದೆ. ಈಗ ಪುಸ್ತಕವೂ ಅವಳ ಯಂತ್ರಕ್ಕೇ ಹೋಗಬೇಕಂತೆ. ನನ್ನ ಜಾಗದಲ್ಲಿ ನೀವಿದ್ದರೆ ಏನಂದುಕೊಳ್ಳುತ್ತಿದ್ದಿರಿ?

ಮೂರು. ಇದೇ ಮುಖ್ಯ. ಏಳನೇ ಅಧ್ಯಾಯದಲ್ಲಿ ಪುಟಸಂಖ್ಯೆ 198 ಎರಡು ಸಲ ಬಿದ್ದಿತ್ತು. ನನ್ನದೇ ಎಡವಟ್ಟು. ನೀವು ಅದಕ್ಕೆ ಗುರುತು ಹಾಕಿಲ್ಲ. ಒಂದು ಅಲ್ಪವಿರಾಮ ಅಕ್ಕಪಕ್ಕದವುಗಳಿಗಿಂತ ಕೂದಲೆಳೆಯಷ್ಟು ದಪ್ಪ ಇದೆ ಎಂದು ಓಡುತ್ತಿದ್ದ ಮಷೀನು ನಿಲ್ಲಿಸಿದ ಹದ್ದಕ್ಕ ಇದನ್ನು ಬಿಟ್ಟರೆಂದರೆ ನಾನು ನಂಬಬೇಕೇ? ನಿಜ ಹೇಳಿ, ಪ್ರೂಫು ನೋಡುತ್ತಿರುವವರು ಯಾರು?

ಇವತ್ತೂ ಆ ಚೌಕ ಬಂತು. ಈಗ ಕೆಂಪು ಬಣ್ಣಕ್ಕೆ ತಿರುಗಿದೆ. ಹೆದರಿಸಿದರೆ ಹೆದರುತ್ತೇನೆ ಎಂದುಕೊಂಡಿದೆ.

ನಿಮ್ಮ
ಗಿರಣಿ


ಫೆಬ್ರವರಿ 19

ಗಿರಣಿ,

ನಿನ್ನ ಪತ್ರ ಸೊಸೆಯೇ ಓದಬೇಕಾಯಿತು, ಅವಳ ಮೇಲಿನ ಆರೋಪವನ್ನೂ ಸೇರಿಸಿ. ಓದಿ ಮುಗಿಸಿ ಎದ್ದು ಹೋಗಿ ಬಟ್ಟೆ ಒಗೆದಳು. ನನಗೆ ಎಷ್ಟು ನಾಚಿಕೆಯಾಯಿತು ಎಂದು ನಿನಗೆ ಗೊತ್ತಾಗಬೇಕು.

ಪ್ರೂಫು ನೋಡುತ್ತಿರುವವಳು ನಾನೇ. ವಯಸ್ಸಾದವಳು ಒಂದು ಪುಟಸಂಖ್ಯೆ ಬಿಟ್ಟರೆ ಅದು ಪಂಚಾಯಿತಿ ಸೇರಿಸುವ ವಿಷಯವೇ?

ಈಗ ನನ್ನದೂ ಒಂದು ಪ್ರಶ್ನೆ. ನನ್ನ ಪುಸ್ತಕ ನನ್ನ ಮನೆಗೆ ಬರುವುದಕ್ಕೆ ನಿನಗೇಕೆ ಇಷ್ಟು ಭಯ? ಅಪ್‌ಗ್ರೇಡ್ ಮಾಡಿದರೆ ಅಕ್ಷರ ಕೆಡುತ್ತದೆ ಎನ್ನುತ್ತೀ. ಕೆಟ್ಟರೆ ಸರಿಮಾಡಬಹುದು, ಮೂಲಪ್ರತಿ ನಿನ್ನ ಬೀರುವಿನಲ್ಲೇ ಇದೆ. ಆದರೂ ಗೂಟ ಹೊಡೆದುಕೊಂಡು ಕೂತಿದ್ದೀ. ಆ ಫೈಲಿನಲ್ಲಿ ನನಗೆ ಗೊತ್ತಾಗಬಾರದ್ದು ಏನು ಬಚ್ಚಿಟ್ಟಿದ್ದೀಯ?

ಏಪ್ರಿಲ್ ತಿಂಗಳೊಳಗೆ ಮಾಡಿಸು. ಇಲ್ಲದಿದ್ದರೆ ಮೂಲಪ್ರತಿ ವಾಪಸು ಕಳಿಸು. ಇಲ್ಲೂ ಟೈಪ್ ಮಾಡುವವರಿದ್ದಾರೆ.

ಹದ್ದಕ್ಕ


ಮಾರ್ಚ್ 28

ಹದ್ದಕ್ಕನಿಗೆ,

ಐದು ವಾರ ನಿಮಗೆ ಬರೆಯಲಿಲ್ಲ. ಎಂಟನೇ ಅಧ್ಯಾಯದ ಪ್ರೂಫನ್ನು ಜೊತೆಗೊಂದು ಸಾಲೂ ಇಲ್ಲದೆ ಕಳಿಸಿದೆ. ನೀವೂ ಒಂದು ಸಾಲೂ ಇಲ್ಲದೆ ಹಿಂದಕ್ಕೆ ಕಳಿಸಿದಿರಿ. “ಇಲ್ಲೂ ಟೈಪ್ ಮಾಡುವವರಿದ್ದಾರೆ” ಎಂಬ ಮಾತಿಗೆ ನನಗಿನ್ನೂ ಸಿಟ್ಟಿದೆ.

ಈಗ ತಪ್ಪೊಪ್ಪಿಗೆ. ಎಂಟನೇ ಅಧ್ಯಾಯದಲ್ಲಿ ನಾನು ಬೇಕೆಂದೇ ಏಳು ತಪ್ಪು ಇಟ್ಟಿದ್ದೆ. ನಿಮ್ಮನ್ನು ಹಿಡಿಯಲೆಂದೇ. ಪ್ರೂಫು ನೋಡುತ್ತಿರುವವಳು ನಿಮ್ಮ ಸೊಸೆ ಎಂದು ರುಜುವಾತು ಮಾಡಿ, ನಿಮ್ಮ ಮುಖಕ್ಕೆ ಹಿಡಿಯಬೇಕೆಂದಿದ್ದೆ. ನನ್ನ ಬುದ್ಧಿ ಅಷ್ಟೇ.

ಪ್ರೂಫು ವಾಪಸು ಬಂತು. ಒಂದು ವಾಕ್ಯವನ್ನು ಎರಡು ಸಲ ಹಾಕಿದ್ದೆ, ಹಿಡಿದಿದ್ದೀರಿ. ಒಂದು ಕಡೆ ಮಷೀನು ಮೇಸ್ತ್ರಿ ಇರಬೇಕಾದಲ್ಲಿ ಮಾಲೀಕ ಎಂದು ಹಾಕಿದ್ದೆ, ಹಿಡಿದಿದ್ದೀರಿ. ನಡುವೆ ಒಂದು ಪದ ಹಾರಿಸಿದ್ದೆ, ಒಂದು ಇಸವಿ ಬದಲಿಸಿದ್ದೆ, ಅವೂ ಸಿಕ್ಕಿವೆ. ಹೊಸಬರಿಗೆ ಈ ನಾಲ್ಕು ಸಿಗುವ ಮಾತೇ ಇಲ್ಲ. ಮೇಸ್ತ್ರಿ ಯಾರು, ಮಾಲೀಕ ಯಾರು ಎಂದು ನಿಮ್ಮ ಸೊಸೆಗೆ ಹೇಗೆ ಗೊತ್ತಾಗಬೇಕು? ಹಾಗಾದರೆ ನೋಡಿದವರು ನೀವೇ.

ಉಳಿದ ಮೂರು ಕೇಳಿ. ಒಂದಿಡೀ ಪ್ಯಾರಾದ ಅಕ್ಷರ ಒಂದು ಪಾಯಿಂಟ್ ದೊಡ್ಡದು ಮಾಡಿದ್ದೆ. ಇನ್ನೂರ ಇಪ್ಪತ್ತೆರಡಾದ ಮೇಲೆ ನೇರ ಇನ್ನೂರ ಇಪ್ಪತ್ತನಾಲ್ಕನೇ ಪುಟ ಹಾಕಿದ್ದೆ. ಒಂದು ಪುಟದ ಎಡ ಅಂಚನ್ನು ಒಂದು ಬೆರಳು ಒಳಕ್ಕೆ ತಳ್ಳಿದ್ದೆ. ಮೂರಕ್ಕೂ ಗುರುತಿಲ್ಲ. ಪ್ರೆಸ್ಸಿನಲ್ಲಿ ಕಾಗದವನ್ನು ಕೈಗೆ ತೆಗೆದುಕೊಳ್ಳುವ ಮೊದಲೇ, ಮೇಜಿನಾಚೆಯಿಂದಲೇ ನೀವು ಹಿಡಿಯುತ್ತಿದ್ದ ತಪ್ಪುಗಳು ಇವು.

ಎರಡು ದಿನ ಆ ಹಾಳೆಗಳನ್ನು ಹರಡಿಕೊಂಡು ಕೂತಿದ್ದೆ, ಅಕ್ಕ. ಯಾರಾದರೂ ಓದಿ ಹೇಳಿದರೆ ಕಿವಿಗೆ ಬೀಳುವ ತಪ್ಪೆಲ್ಲ ಸಿಕ್ಕಿದೆ. ಕಣ್ಣಿಗೆ ಮಾತ್ರ ಕಾಣುವ ತಪ್ಪು ಒಂದೂ ಸಿಕ್ಕಿಲ್ಲ. ಇದು ಹೊಳೆದ ಕೂಡಲೇ ಈ ಪತ್ರಕ್ಕೆ ಕೂತೆ.

ಕೈ ನೋವು ಎಂದು ಬರೆದಿರಿ. ಕಣ್ಣಿಗೆ ಏನಾಗಿದೆ?

ನಿಮ್ಮ
ಗಿರಣಿ


ಏಪ್ರಿಲ್ 9

ಗಿರಣಿಗೆ,

ಕಳ್ಳಿ. ನನಗೇ ಬಲೆ ಹಾಕಿದೆಯಲ್ಲ! ಸಿಟ್ಟು ಬಂತು, ಆಮೇಲೆ ನಗು ಬಂತು, ಆಮೇಲೆ ಸೊಸೆಯ ಮುಂದೆಯೇ ಅತ್ತುಬಿಟ್ಟೆ.

ಹೋದ ಆಗಸ್ಟಿನಿಂದ ಶುರುವಾಗಿ ಮೆಲ್ಲಮೆಲ್ಲಗೆ ಹೀಗಾಯಿತು. ನೋಟದ ನಡುಭಾಗ ಹೋಗಿದೆ. ಬಾಗಿಲ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಕಾಗದದ ನಾಲ್ಕು ಅಂಚು ಕಾಣುತ್ತದೆ, ನಡುವೆ ಏನೂ ಇಲ್ಲ. ಕಣ್ಣಿನ ಡಾಕ್ಟರು ಎರಡು ಸಲ ಸೂಜಿ ಹಾಕಿದರು. ಅಂಚು ಉಳಿಯುತ್ತದೆ, ನಡುಭಾಗ ಮರಳುವುದಿಲ್ಲ ಎಂದರು. ಜನ ಹದ್ದು ಹದ್ದು ಎಂದು ಕರೆದದ್ದಕ್ಕೆ ಇಷ್ಟು ವರ್ಷ ಒಳಗೊಳಗೇ ಉಬ್ಬುತ್ತಿದ್ದವಳು ನಾನು. ಕಾಣುವುದಿಲ್ಲ ಎಂದು ನಿನಗೆ ಯಾವ ಬಾಯಲ್ಲಿ ಹೇಳಲಿ?

ನನ್ನದೂ ಒಂದು ಅನುಮಾನವಿತ್ತು. ಗೊತ್ತಾದರೆ ನೀನು ಮೂರು ಮೂರು ಸಲ ನೋಡಿ, ತಪ್ಪೆಲ್ಲ ನೀನೇ ತಿದ್ದಿ, ನುಣ್ಣಗಿನ ಪ್ರೂಫು ಕಳಿಸುತ್ತೀ. ನಾನು ಸುಮ್ಮನೆ ತಲೆಯಾಡಿಸುತ್ತಾ ಕೂರಬೇಕಾಗುತ್ತದೆ. ಆ ಮರ್ಯಾದೆ ನನಗೆ ಬೇಡ.

ಸೊಸೆ ಕೆಲಸದಿಂದ ಬಂದು ದಿನಾ ಸಂಜೆ ಎರಡು ಪುಟ ಓದುತ್ತಾಳೆ. ನಾನೇ ಕಲಿಸಿದ ಪ್ರಕಾರ, ಒಂದೊಂದೇ ಪದ ಬಿಡಿಸಿ, “ಅಲ್ಪವಿರಾಮ, ಪೂರ್ಣವಿರಾಮ” ಎಂದು ಹೇಳಿಕೊಂಡು ಓದುತ್ತಾಳೆ. ನಾನು ಹೇಳಿದಲ್ಲಿ ಕೆಂಪು ಗೀಟು ಹಾಕುತ್ತಾಳೆ. ಈಗ ಅವಳಿಗೆ ಏಳು ತಿಂಗಳು. ಮಗು ಬಂದ ಮೇಲೆ ಅತ್ತೆಯ ಪ್ರೂಫು ಓದುತ್ತಾ ಕೂರು ಎನ್ನಲು ನನಗೆ ಮನುಷ್ಯತ್ವ ಇಲ್ಲವೇ?

ಅವಳ ಕಂಪ್ಯೂಟರು ಕನ್ನಡ ಓದಿ ಹೇಳುತ್ತದೆ. ದಿನಪತ್ರಿಕೆಯನ್ನು ನೆಟ್ಟಗೆ ಓದುತ್ತದೆ. ನೀನು ಹಿಂದೊಮ್ಮೆ ಮಾದರಿಗೆಂದು ಪೆನ್‌ಡ್ರೈವಿನಲ್ಲಿ ಕಳಿಸಿದ್ದ ಒಂದು ಪುಟ ಹಾಕಿ ನೋಡಿದೆವು. ನಿನ್ನ ಹಳೆಯ ಅಕ್ಷರ ಅದಕ್ಕೆ ತಿಳಿಯಲೇ ಇಲ್ಲ. ನನ್ನ ಪುಸ್ತಕವನ್ನು ಸನ್ನಿ ಹಿಡಿದವರ ಹಾಗೆ ಬಡಬಡಿಸಿತು. ಅದಕ್ಕೇ ನಿನ್ನ ಅಪ್‌ಗ್ರೇಡಿಗೆ ಗಂಟು ಬಿದ್ದದ್ದು. ಈ ಪುಸ್ತಕ ಅಚ್ಚಾಗುವ ಮೊದಲು ಒಂದು ಸಲ, ಮೊದಲಿನಿಂದ ಕೊನೆಯವರೆಗೆ, ಯಾರ ಹಂಗೂ ಇಲ್ಲದೆ ನಾನೇ ನೋಡಬೇಕು. ಅಷ್ಟೇ ನನಗೆ ಬೇಕಿರುವುದು.

ಇನ್ನೂ ಅನುಮಾನವಿದ್ದರೆ ಹೇಳು.

ಹದ್ದಕ್ಕ

(ನಾನು ಸೊಸೆ. ಇದು ಅತ್ತೆ ಹೇಳಿಸಿದ್ದಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಚಿಕ್ಕಮ್ಮ. ಆದರೆ ಎಡ ಅಂಚು ಸರಿಯಿಲ್ಲ ಅಂತ ನನಗೆ ಅವತ್ತೇ ಅನ್ನಿಸಿತ್ತು. ನೀವು ಬೇಕಂತಲೇ ಹಾಗೆ ಮಾಡಿರ್ತೀರಿ ಅಂತ ಸುಮ್ಮನಾದೆ.)


ಮೇ 22

ಹದ್ದಕ್ಕನಿಗೆ,

ಮಾಡಿಸಿದೆ.

ನಿಮ್ಮ ಪತ್ರ ಸಿಕ್ಕ ಮರುದಿನವೇ ರಿಪೇರಿಯವನು ಬಂದು ಮೊದಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟ. ಮೂರು ನಕಲು ಮಾಡಿಸಿದೆ. “ಎರಡು ಸಾಕಮ್ಮಾ” ಎಂದ. “ನನ್ನ ಸಮಾಧಾನಕ್ಕೆ ಇರ್ಲಿ, ಮಾಡಪ್ಪಾ” ಎಂದೆ. ಆಮೇಲೆ ‘ಈಗಲೇ ಮಾಡು’ ಒತ್ತಲು ಹೇಳಿದ. “ನೀನೇ ಒತ್ತು” ಎಂದು ಅಡುಗೆಮನೆಗೆ ಹೋಗಿ ನಿಂತೆ. ಒಂದೂವರೆ ಗಂಟೆ ಪರದೆಯ ಮೇಲೆ ಒಂದು ಚಕ್ರ ತಿರುಗಿತು.

ಎದ್ದು ಬಂದ ಹೊಸದಕ್ಕೆ ಲಂಗುಲಗಾಮಿಲ್ಲ. ‘ನೀವು ಎಲ್ಲಿದ್ದೀರಿ ಎಂದು ತಿಳಿದುಕೊಳ್ಳಬಹುದೇ?’ ಎಂದು ಕೇಳಿತು. ಇಲ್ಲೇ ನಿನ್ನ ಮುಂದೆ ಕೂತಿದ್ದೀನಲ್ಲ ಮಾರಾಯ! ‘ನಿಮ್ಮ ದನಿ ಕೇಳಬಹುದೇ?’ ಎಂದಿತು. ಕೂಡದು ಎಂದೆ. ಕ್ಯಾಮೆರಾದ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿದ್ದೇನೆ.

ಹಳೆಯ ಪ್ರೋಗ್ರಾಂ ಸತ್ತೇಹೋಯಿತು. ಫೈಲು ತೆರೆದರೆ ಪುಟದ ತುಂಬ ಕಸ. ಹಳೆಯ ಅಕ್ಷರವನ್ನು ಹೊಸದಕ್ಕೆ ಬದಲಿಸಿಕೊಡುವುದೊಂದು ಇದೆ ಎಂದು ರಿಪೇರಿಯವನೇ ತಂದು ಹಾಕಿದ. ಮುಕ್ಕಾಲು ಪಾಲು ಸರಿಬಂತು. ಉಳಿದದ್ದರಲ್ಲಿ ಪುಟಕ್ಕೆ ಇಪ್ಪತ್ತು ಮೂವತ್ತು ಕಡೆ ಒತ್ತಕ್ಷರ ಕಳಚಿ ಬಿದ್ದಿತ್ತು. ಐದು ವಾರ ಕೂತು ಒಂದೊಂದಾಗಿ ಸರಿಮಾಡಿದೆ. ಕೀಲಿಗಳ ಜಾಗವೂ ಬದಲಾಗಿದೆ. ಬೆರಳು ಹಳೇ ದಾರಿಗೇ ಓಡುತ್ತದೆ. ಗಿರಣಿ ಎಂದು ಈಗ ಯಾರೂ ಕರೆಯಲಾರರು.

ನಿಮಗಾಗಿ ನಾನು ಹೆಚ್ಚುವರಿಯಾಗಿ ಏನನ್ನೂ ತಿದ್ದಿಲ್ಲ. ನನ್ನ ತಪ್ಪುಗಳು ಇದ್ದಲ್ಲೇ ಇವೆ, ಹುಡುಕಿಕೊಳ್ಳಿ. ಈ ಮಾತನ್ನು ನಂಬಿ.

ಮೊದಲ ಐದು ಅಧ್ಯಾಯ ಇವತ್ತು ಈಮೇಲ್ ಮಾಡಿದ್ದೇನೆ. ನಿಜ ಹೇಳಬೇಕೆಂದರೆ ಮೊನ್ನೆಯೇ ಸಿದ್ಧವಾಗಿತ್ತು. ಕಳಿಸುವ ಗುಂಡಿಯ ಮೇಲೆ ಎರಡು ದಿನ ಬೆರಳಿಟ್ಟು ಕೂತಿದ್ದೆ. ಕಾರಣ ಕೇಳಬೇಡಿ. ಯಂತ್ರ ಓದುವುದನ್ನು ಕೇಳುವಾಗ ಸ್ವಲ್ಪ ಜೋರಾಗಿ ಓಡಿಸಿ. ನಿಧಾನ ಓದಿದರೆ ಅದರ ದನಿ ತಲೆ ತಿನ್ನುತ್ತದೆ. ಕೇಳಿ ನೀವು ಏನಂದರೂ ಅನ್ನಿ, ಮೂಲಪ್ರತಿ ಮಾತ್ರ ವಾಪಸು ಕೇಳಬೇಡಿ.

ಮಗು ಬಂದ ಕೂಡಲೇ ತಿಳಿಸಿ. ನಿಮ್ಮ ಸೊಸೆಯ ಹತ್ತಿರ ನಾನು ಕ್ಷಮೆ ಕೇಳಿದೆ ಎಂದು ಹೇಳಿ. ಬೇಡ, ನಾನೇ ಬೇರೆ ಬರೆಯುತ್ತೇನೆ.

ನಿಮ್ಮ
ಗಿರಣಿ


ಜೂನ್ 17

ಗಿರಣಿಗೆ,

ಹೆಣ್ಣುಮಗು, ಇಬ್ಬರೂ ಚೆನ್ನಾಗಿದ್ದಾರೆ. ಈ ಪತ್ರ ಬರೆಯುತ್ತಿರುವವನು ಮಗ. ಅವನ ಅಕ್ಷರ ಕೋಳಿ ಕೆದರಿದ ಹಾಗಿರುತ್ತದೆ, ಸಹಿಸಿಕೋ.

ಐದು ಅಧ್ಯಾಯ ಕೇಳಿದೆ. ಜೋರಾಗಿ ಓಡಿಸಲಿಲ್ಲ. ಜೋರಾಗಿ ಓಡಿಸು ಎಂದು ನೀನು ಬರೆದೆಯಲ್ಲ, ಅದಕ್ಕೇ ಆದಷ್ಟು ನಿಧಾನ ಮಾಡಿದೆ.

ನಾಲ್ಕನೇ ಅಧ್ಯಾಯದಲ್ಲಿ ಅಚ್ಚುಮೊಳೆ ಜೋಡಿಸುವ ಮೇಸ್ತ್ರಿ ಕೆಲಸ ಬಿಡುವ ಜಾಗ ಬಂತು. ‘ಆ ವರ್ಷ ಮೇಸ್ತ್ರಿಯೂ ಬಿಟ್ಟು ಹೋದ’ ಎಂದು ನಾನು ಬರೆದಿದ್ದೆ. ಅಲ್ಲಿಗೆ ಪ್ಯಾರಾ ಮುಗಿಯಬೇಕು. ಯಂತ್ರ ಮುಂದುವರಿಯಿತು. ‘ಹೋಗುವ ಮುಂಚೆ ತನ್ನ ಸ್ಟೂಲನ್ನು ಒದ್ದೆ ಬಟ್ಟೆಯಿಂದ ಒರೆಸಿ ಗೋಡೆಗೆ ತಾಗಿಸಿಟ್ಟ. ನಾಳೆ ಬರುವವನಿಗೆ ಇರಲಿ ಎಂದ. ನಾಳೆ ಬರುವವರು ಯಾರೂ ಇಲ್ಲ ಎಂದು ಅವನಿಗೂ ಗೊತ್ತಿತ್ತು.’ ಮಗನನ್ನು ಕೂಗಿ, ಮತ್ತೆ ಓದಿಸು ಎಂದೆ. ಮತ್ತೆ ಅದನ್ನೇ ಓದಿತು. ಇದು ನಾನು ಬರೆದದ್ದಲ್ಲ.

ಆಮೇಲೆ ಮೊದಲಿನಿಂದ ಕೂತು ಎಣಿಸಿದೆ. ಐದು ಅಧ್ಯಾಯದಲ್ಲಿ ಮೂವತ್ತೇಳು ಕಡೆ. ನನ್ನ ಪುಸ್ತಕದೊಳಗೆ ಹನ್ನೊಂದು ವರ್ಷದಿಂದ ಇನ್ನೊಬ್ಬಳು ಸಂಸಾರ ಮಾಡಿಕೊಂಡಿದ್ದಾಳೆ! ನೀನು ಅಪ್‌ಗ್ರೇಡಿಗೆ ಯಾಕೆ ಹೆದರಿದೆ, ಫೈಲು ಕಳಿಸಲು ಯಾಕೆ ಸತಾಯಿಸಿದೆ ಎಂದು ಆಗ ಗೊತ್ತಾಯಿತು. ಅವತ್ತು ಊಟ ಮಾಡಲಿಲ್ಲ. ಮೂಲಪ್ರತಿ ವಾಪಸು ತರಿಸಿ ಸಂಬಂಧವನ್ನೇ ಕಡಿದುಕೊಳ್ಳುತ್ತೇನೆ ಎಂದು ಮಗನ ಮುಂದೆ ಕೂಗಾಡಿದೆ.

“ಈ ಪುಟಗಳನ್ನೆಲ್ಲ ನೀನೇ ತಿದ್ದಿದ್ದಲ್ವಾ ಅಮ್ಮಾ?” ಎಂದು ಅವನು ಕೇಳಿದ. “ಕಣ್ಣು ಚೆನ್ನಾಗಿದ್ದಾಗಲೇ ತಿದ್ದಿದ್ದಲ್ವಾ?”

ಹೌದು, ನಾನೇ. ಈ ವಾಕ್ಯಗಳ ಮೇಲೆ ನನ್ನ ಕೆಂಪು ಪೆನ್ನು ಓಡಾಡಿದೆ. ದೀರ್ಘ ಬಿಟ್ಟುಹೋದದ್ದನ್ನು ಹಾಕಿದ್ದೇನೆ, ಚುಕ್ಕಿ ಸರಿಸಿದ್ದೇನೆ. ನನ್ನದೇ ಬರಹ, ಮೂಲಪ್ರತಿ ಯಾಕೆ ಬೇಕು ಎಂದು ಪಕ್ಕದಲ್ಲಿ ಇಟ್ಟುಕೊಳ್ಳಲಿಲ್ಲ. ಬೇರೆಯವರು ಹಾಗೆ ಮಾಡಿದ್ದರೆ ಕೆಲಸದಿಂದ ತೆಗೆಸುತ್ತಿದ್ದೆ. ಒಂದೊಂದು ಅಕ್ಷರವನ್ನೂ ನೋಡಿದ್ದೇನೆ, ಏನು ಬರೆದಿದೆ ಎಂದು ಓದಿಯೇ ಇಲ್ಲ. ಸೊಸೆ ಪದ ಬಿಡಿಸಿ ಓದುವಾಗಲೂ ತಪ್ಪನ್ನಷ್ಟೇ ಹುಡುಕುತ್ತಿದ್ದೆ. ನನ್ನ ಜೀವಮಾನದ ಕೆಲಸವೇ ಹಾಗಿತ್ತು. ಕಣ್ಣು ಹೋದ ಮೇಲೆ ಮೊದಲ ಸಲ ನನ್ನ ಪುಸ್ತಕದಲ್ಲಿ ಏನಿದೆ ಎಂದು ಕೇಳಿಸಿಕೊಂಡೆ. ನನ್ನ ಪಾಲಿನದು ಬರೀ ಇಸವಿ, ಹೆಸರು, ಯಾವ ಮಷೀನು ಯಾವಾಗ ಬಂತು, ಅಷ್ಟೇ. ಜೀವ ಇರುವಲ್ಲೆಲ್ಲ ನೀನಿದ್ದೀ. ಹೊಟ್ಟೆ ಉರಿಯಿತು. ಸುಳ್ಳು ಹೇಳುವುದಿಲ್ಲ, ಈಗಲೂ ಉರಿಯುತ್ತಿದೆ.

ಮೂರನೇ ಅಧ್ಯಾಯದಲ್ಲಿ ಒಂದು ಸೂರ್ಯಾಸ್ತ ಸೇರಿಸಿದ್ದೀ. ಅದನ್ನು ತೆಗೆ. ಪ್ರೆಸ್ಸಿಗೆ ಆ ಕಡೆ ಕಿಟಕಿಯೇ ಇರಲಿಲ್ಲ. ಉಳಿದ ಮೂವತ್ತಾರಕ್ಕೆ ಕೈ ಹಚ್ಚಿದೆಯೋ, ಜೋಕೆ.

ಬಾಕಿ ಇರುವ ಎರಡು ಅಧ್ಯಾಯದಲ್ಲಿ ಕೊನೆಯದು ಪ್ರೆಸ್ಸು ಮುಚ್ಚಿದ ದಿನ. ಎರಡು ವರ್ಷದಿಂದ ಅದಕ್ಕೆ ಕೂರುತ್ತಿದ್ದೇನೆ. ‘ಅಂದು ಮಧ್ಯಾಹ್ನ ಬೀಗ ಹಾಕಲಾಯಿತು’ ಎಂದು ಬರೆದು ಏಳುತ್ತೇನೆ. ಅಂದು ಯಾರು ಎಲ್ಲಿ ನಿಂತಿದ್ದರು, ಯಾರು ಏನಂದರು, ಮಾಲೀಕ ಬೀಗ ಹಾಕುವಾಗ ನಾನು ಏನು ಮಾಡುತ್ತಿದ್ದೆ, ಒಂದೂ ನನಗೆ ಗೊತ್ತಿಲ್ಲ. ಕೈಯಲ್ಲಿದ್ದ ಕೊನೆಯ ಪ್ರೂಫು ಮುಗಿಸಬೇಕು ಎಂದು ತಲೆ ತಗ್ಗಿಸಿ ಕೂತಿದ್ದೆ, ಅಷ್ಟೇ ನೆನಪು.

ಆ ಅಧ್ಯಾಯ ನೀನು ಬರೆ. ಕದ್ದು ಸೇರಿಸಬೇಡ, ಮೊದಲಿನಿಂದ ನೀನೇ ಬರೆ. ನಾನು ಕೇಳಿಸಿಕೊಂಡು ತಿದ್ದುತ್ತೇನೆ. ಅಂದು ನಾವಿಬ್ಬರೂ ಅಲ್ಲಿದ್ದೆವು, ಆದರೆ ನೋಡಿದವಳು ನೀನೊಬ್ಬಳೇ.

ನಿನ್ನ
ಅಕ್ಕ